ಮೊದಲೇ ಇದ್ದ ಕಾಯಿಲೆಗೆ ವಿಮೆ ಉಂಟೆ?

ತೆಂಗಿನ ಮರಕ್ಕೂ ವಿಮೆ ಮಾಡಿಸಬಹುದೆಂಬುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಲವರಿಗೆ ಗೊತ್ತು. ತೆಂಗು ಅಭಿವೃದ್ಧಿ ಮಂಡಳಿ 2009-10ರಲ್ಲಿ ಈ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಅದರ ನಿಯಮಗಳಲ್ಲಿ ಮೂರು ಮಾತುಗಳಿದ್ದವು. ಒಂದು, ರೋಗ ಹಿಡಿದ ಮರ, ಮುಪ್ಪಾದ ಮರ ವಿಮೆಗೆ ಸೇರುವುದಿಲ್ಲ. ಎರಡು, ಒಂದೇ ತಾಕಿನ ತೋಟದಲ್ಲಿ ಕೆಲವು ಮರಗಳಿಗೆ ಮಾತ್ರ ವಿಮೆ ಮಾಡಿಸುವಂತಿಲ್ಲ. ಮೂರು, ಹೊಸದಾಗಿ ವಿಮೆ ಮಾಡಿಸಿದವರಿಗೆ ಮೊದಲ 30 ದಿನಗಳಲ್ಲಿ ಆದ ನಷ್ಟಕ್ಕೆ ಪರಿಹಾರವಿಲ್ಲ.

ಈ ನಿಯಮಗಳ ಕಾರಣವನ್ನು ಹಂದನಕೆರೆ ಹೋಬಳಿಯ ಯಾವ ತೋಟಗಾರನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಣಬೆ ರೋಗ ತಗಲಿದ ಮರ ಇಂದಲ್ಲ ನಾಳೆ ಬೀಳುವುದೇ. ಬೀಳುವ ಮರಕ್ಕೆ ಮಾತ್ರ ಹಣ ಕಟ್ಟಿ, ಗಟ್ಟಿ ಮರಗಳನ್ನು ಬಿಟ್ಟರೆ ಪರಿಹಾರ ಕೊಡಲು ಹಣ ಬರುವುದಾದರೂ ಎಲ್ಲಿಂದ?

ಮರದ ವಿಷಯದಲ್ಲಿ ನ್ಯಾಯವೆಂದು ತೋರುವ ಈ ಲೆಕ್ಕ ಮನುಷ್ಯನ ವಿಷಯಕ್ಕೆ ಬಂದಾಗ ಕಠಿಣವಾಗುತ್ತದೆ. ರೋಗ ಹಿಡಿದ ಮರವನ್ನು ಕಡಿದು ಸಸಿ ನೆಡಬಹುದು. ಸಕ್ಕರೆ ಕಾಯಿಲೆ ಇರುವ ತಂದೆಯನ್ನು, ಹೃದಯದ ಕವಾಟ ಕೆಟ್ಟ ಮಗಳನ್ನು ಹಾಗೆ ಬಿಡಲಾಗುವುದಿಲ್ಲ. ವಿಮೆಯ ಅಗತ್ಯ ಹೆಚ್ಚಾಗಿರುವುದು ಅವರಿಗೇ. ಆದರೆ ವಿಮಾ ಕಂಪನಿಯ ಬಾಗಿಲು ಸುಲಭವಾಗಿ ತೆರೆಯದಿರುವುದೂ ಅವರಿಗೇ. ಒಂದು ದೊಡ್ಡ ಆಪರೇಷನ್ನಿನ ಖರ್ಚಿಗೆ ಅಟ್ಟದ ಮೇಲಿನ ಕೊಬ್ಬರಿಯಷ್ಟೇ ಅಲ್ಲ, ಕೆಲವೊಮ್ಮೆ ತೋಟವೇ ಹೋಗುತ್ತದೆ. ಆದ್ದರಿಂದ ಈ ಬಾಗಿಲು ಏಕೆ ಮುಚ್ಚುತ್ತದೆ, ಹೇಗೆ ತೆರೆಯುತ್ತದೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರುವುದು ಒಳ್ಳೆಯದು.

ವಿಮೆಯ ಗಣಿತ

ಒಂದು ಸರಳ ಲೆಕ್ಕ ಮಾಡೋಣ. ಒಂದು ಹೋಬಳಿಯಲ್ಲಿ 1,000 ಮನೆಗಳಿವೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 20 ಮನೆಗಳಲ್ಲಿ ಯಾರಿಗಾದರೂ 50,000 ರೂಪಾಯಿಯ ಆಪರೇಷನ್ ಬೇಕಾಗುತ್ತದೆ. ಒಟ್ಟು ಖರ್ಚು 10 ಲಕ್ಷ. ಸಾವಿರ ಮನೆಯವರೂ ಹಂಚಿಕೊಂಡರೆ ಮನೆಗೆ 1,000 ರೂಪಾಯಿ. ಯಾವ 20 ಮನೆ ಎಂಬುದು ಯಾರಿಗೂ ಮೊದಲೇ ಗೊತ್ತಿಲ್ಲದಿರುವುದರಿಂದ ಎಲ್ಲರೂ ಸಂತೋಷವಾಗಿ ಕೊಡುತ್ತಾರೆ. ಇದೇ ವಿಮೆ.

ಈಗ ಲೆಕ್ಕಕ್ಕೆ ಒಂದು ತಿರುವು ಕೊಡೋಣ. ಸಾವಿರದಲ್ಲಿ 200 ಮನೆಗಳಲ್ಲಿ ಈಗಾಗಲೇ ಕಾಯಿಲೆಯವರಿದ್ದಾರೆ. ಆ 20 ಆಪರೇಷನ್ನುಗಳಲ್ಲಿ 12 ಈ ಮನೆಗಳಿಗೇ ಸೇರಿದವು. ಆರೋಗ್ಯವಾಗಿರುವವರು ‘ನಮಗೇಕೆ’ ಎಂದು ದೂರ ಉಳಿದು ಈ 200 ಮನೆಯವರು ಮಾತ್ರ ವಿಮೆಗೆ ಬಂದರೆ ಖರ್ಚು 6 ಲಕ್ಷ, ತಲಾ ಪಾಲು 3,000 ರೂಪಾಯಿ. ಅಷ್ಟು ಕೊಡಲು ಸಣ್ಣಪುಟ್ಟ ಕಾಯಿಲೆಯವರು ಒಪ್ಪುವುದಿಲ್ಲ. ತೀರಾ ತೊಂದರೆಯಲ್ಲಿರುವ 50 ಮನೆಯವರು ಉಳಿದು, ಅವರಲ್ಲಿ 8 ಮಂದಿಗೆ ಆಪರೇಷನ್ ಆದರೆ ತಲಾ ಪಾಲು 8,000 ರೂಪಾಯಿಗೆ ಏರುತ್ತದೆ. ಸಾವಿರ ರೂಪಾಯಿಯಲ್ಲಿ ಆರಂಭವಾದದ್ದು ಎಂಟು ಸಾವಿರಕ್ಕೆ ಹೋಗಿ, ಕೊನೆಗೆ ಅಂಗಡಿಯೇ ಮುಚ್ಚುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಪ್ರಬಂಧದಲ್ಲಿ ಈ ತೊಡಕನ್ನು ವಿವರಿಸಿದರು. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ವಯಸ್ಸಾದವರಿಗೆ ಆರೋಗ್ಯ ವಿಮೆ ಸಿಗುವುದು ಕಷ್ಟವಾಗಿರುವುದೂ ಇದೇ ಕಾರಣಕ್ಕೆ ಎಂದು ಅವರು ತೋರಿಸಿಕೊಟ್ಟರು. 2001ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕೊಳ್ಳುವವರು ಉಂಡೆಯನ್ನು ಕೈಯಲ್ಲಿ ಹಿಡಿದು, ಬೇಕಿದ್ದರೆ ಒಡೆದು ನೋಡಿ ಬೆಲೆ ಕೂಗಬಹುದು. ಮನುಷ್ಯನ ದೇಹವನ್ನು ಹಾಗೆ ನೋಡಲಾಗದು. ಆದ್ದರಿಂದ ವಿಮಾ ಕಂಪನಿ ಅರ್ಜಿದಾರನ ಮಾತನ್ನು ನಂಬಬೇಕು, ಇಲ್ಲವೇ ಅನುಮಾನಿಸಬೇಕು. ‘ಮೊದಲೇ ಇದ್ದ ಕಾಯಿಲೆ’ ಎಂಬ ಷರತ್ತು ಹುಟ್ಟಿದ್ದು ಆ ಅನುಮಾನದಿಂದ.

ಹಾಲಿನ ಸೊಸೈಟಿ ತೆರೆದ ಬಾಗಿಲು

ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಗಮನಿಸಿದರೆ ಒಂದು ಉಪಾಯ ಹೊಳೆಯುತ್ತದೆ. ತೊಂದರೆ ಬಂದದ್ದು ಕಾಯಿಲೆಯವರು ಸೇರಿದ್ದರಿಂದಲ್ಲ, ಕಾಯಿಲೆಯವರು ಮಾತ್ರ ಸೇರಿದ್ದರಿಂದ. ಬೇರೆ ಯಾವುದೋ ಕೆಲಸಕ್ಕಾಗಿ ಮೊದಲೇ ಕೂಡಿರುವ ಜನರ ಗುಂಪಿಗೆ ಒಟ್ಟಾಗಿ ವಿಮೆ ಮಾಡಿಸಿದರೆ ಅದರಲ್ಲಿ ಗಟ್ಟಿಮುಟ್ಟಾದವರೂ ಇರುತ್ತಾರೆ, ಕಾಯಿಲೆಯವರೂ ಇರುತ್ತಾರೆ. ಆಗ ಕಾಯಿಲೆಯವರನ್ನು ಹೊರಗಿಡುವ ಅಗತ್ಯ ಬೀಳುವುದಿಲ್ಲ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಕೀರ್ತಿ ಕರ್ನಾಟಕದ್ದು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿಪ್ರಸಾದ್ ಶೆಟ್ಟಿ ಅವರ ಸಲಹೆ ಮತ್ತು ರಾಜ್ಯದ ಸಹಕಾರ ಇಲಾಖೆಯ ದುಡಿಮೆಯಿಂದ ರೂಪುಗೊಂಡ ಯಶಸ್ವಿನಿ ಯೋಜನೆ 2002ರ ನವೆಂಬರ್ 14ರಂದು ಉದ್ಘಾಟನೆಯಾಗಿ, 2003ರ ಜೂನ್ 1ರಿಂದ ಜಾರಿಗೆ ಬಂತು. ಹಾಲು ಉತ್ಪಾದಕರ ಸಂಘ, ವ್ಯವಸಾಯ ಸೇವಾ ಸಹಕಾರ ಸಂಘ ಮೊದಲಾದವುಗಳ ಸದಸ್ಯರೂ ಅವರ ಕುಟುಂಬದವರೂ ಇದಕ್ಕೆ ಸೇರಬಹುದಾಗಿತ್ತು. ವಂತಿಗೆ ತಿಂಗಳಿಗೆ 5 ರೂಪಾಯಿ, ಅಂದರೆ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಇದರ ಹಿಂದೆ ಯಾವ ವಿಮಾ ಕಂಪನಿಯೂ ಇರಲಿಲ್ಲ. ಒಂದು ಟ್ರಸ್ಟ್ ಹಣ ಕೂಡಿಸಿ, ಗೊತ್ತುಪಡಿಸಿದ ಆಸ್ಪತ್ರೆಗಳೊಂದಿಗೆ ಪ್ರತಿ ಆಪರೇಷನ್ನಿಗೆ ಇಷ್ಟೆಂದು ದರ ನಿಗದಿ ಮಾಡಿಕೊಂಡಿತು. ರೋಗಿ ಹಣ ಕಟ್ಟದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರಬಹುದಾಗಿತ್ತು.

ಈ ಲೇಖನದ ಮಟ್ಟಿಗೆ ಮುಖ್ಯವಾದ ಸಂಗತಿ ಬೇರೆಯೇ ಇದೆ. ಯಶಸ್ವಿನಿಯಲ್ಲಿ ಮೊದಲೇ ಇದ್ದ ಕಾಯಿಲೆ ಎಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳಿಸುತ್ತಿರಲಿಲ್ಲ. ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿದ್ದ ಮಗುವಿಗೂ, ವರ್ಷಗಳಿಂದ ಹರ್ನಿಯಾ ಹೊತ್ತು ತೋಟದಲ್ಲಿ ದುಡಿಯುತ್ತಿದ್ದ ರೈತನಿಗೂ ಬಾಗಿಲು ತೆರೆದಿತ್ತು. ಆದರೆ ಒಂದು ಕಾವಲು ಇತ್ತು. ಕಾಯಿಲೆ ಬಿದ್ದ ಮೇಲೆ ಓಡಿಹೋಗಿ ಸಂಘಕ್ಕೆ ಸೇರಿ ಮರುದಿನವೇ ಆಪರೇಷನ್ ಕೇಳುವಂತಿರಲಿಲ್ಲ. ಸಂಘದ ಸದಸ್ಯತ್ವಕ್ಕೆ ಇಂತಿಷ್ಟು ತಿಂಗಳಾಗಿರಬೇಕೆಂಬ ನಿಯಮವಿತ್ತು. ಡೇರಿಗೆ ದಿನವೂ ಹಾಲು ಹಾಕುವವರು ಹಾಲಿಗಾಗಿ ಸೇರಿದವರೇ ಹೊರತು ಆಪರೇಷನ್ನಿಗಾಗಿ ಸೇರಿದವರಲ್ಲ ಎಂಬ ನಂಬಿಕೆಯೇ ಈ ಯೋಜನೆಯ ತಳಪಾಯ.

ಅಂಕಿಗಳು ಹೇಳುವ ಪಾಠ

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು. ಸುಮಾರು 9 ಸಾವಿರ ಶಸ್ತ್ರಚಿಕಿತ್ಸೆಗಳಾದವು. ಎರಡನೆಯ ವರ್ಷ ಸದಸ್ಯರು ಸುಮಾರು 20 ಲಕ್ಷ, ಶಸ್ತ್ರಚಿಕಿತ್ಸೆ ಸುಮಾರು 15 ಸಾವಿರ. ಮೂರನೆಯ ವರ್ಷ ವಂತಿಗೆ 120 ರೂಪಾಯಿಗೆ ಏರಿತು. ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಶಸ್ತ್ರಚಿಕಿತ್ಸೆ ಮಾತ್ರ ಇಳಿಯದೆ 19 ಸಾವಿರವನ್ನು ದಾಟಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಭಾಗಾಕಾರ ಮಾಡಿ ನೋಡಬಹುದು. ಮೊದಲ ವರ್ಷ ಸಾವಿರ ಸದಸ್ಯರಿಗೆ 5ರಿಂದ 6 ಆಪರೇಷನ್, ಎರಡನೆಯ ವರ್ಷ 7ರಿಂದ 8, ಮೂರನೆಯ ವರ್ಷ 13. ಯೋಜನೆಯ ವಿಷಯ ಹಳ್ಳಿಹಳ್ಳಿಗೆ ತಿಳಿದದ್ದು ಇದಕ್ಕೆ ಒಂದು ಕಾರಣ. ವಂತಿಗೆ ಏರಿದಾಗ ಅಗತ್ಯವಿಲ್ಲವೆಂದುಕೊಂಡವರು ಬಿಟ್ಟು, ಅಗತ್ಯವಿದ್ದವರು ಉಳಿದುಕೊಂಡರು ಎಂಬುದನ್ನೂ ತಳ್ಳಿಹಾಕುವಂತಿಲ್ಲ. ನಮ್ಮ ಸಾವಿರ ಮನೆಗಳ ಲೆಕ್ಕ ಬರಿಯ ಕಲ್ಪನೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಸದಸ್ಯರ ವಂತಿಗೆಯಿಂದಲೇ ಯೋಜನೆ ನಡೆಯಲಿಲ್ಲ, ಸರ್ಕಾರದ ನೆರವೂ ಬೇಕಾಯಿತು. ‘ನಾನು ಗಟ್ಟಿಯಾಗಿದ್ದೇನೆ, ನನಗೇಕೆ’ ಎಂದು ಒಬ್ಬ ಆರೋಗ್ಯವಂತ ಹೊರಗುಳಿದರೆ ಒಬ್ಬ ರೋಗಿಯ ಹೊರೆ ಅಷ್ಟು ಹೆಚ್ಚಾಗುತ್ತದೆ.

ಯಶಸ್ವಿನಿ 2018ರ ಮೇ ತಿಂಗಳ ಕೊನೆಗೆ ನಿಂತು, ‘ಆರೋಗ್ಯ ಕರ್ನಾಟಕ’ದಲ್ಲಿ ಲೀನವಾಯಿತು. ಸಹಕಾರಿಗಳ ಒತ್ತಾಯದ ಮೇಲೆ ಮತ್ತೆ ಜೀವ ಪಡೆದು, 2023ರ ಜನವರಿ 1ರಿಂದ ಚಿಕಿತ್ಸೆ ಪುನಃ ಆರಂಭವಾಯಿತು. ಮರುಜಾರಿಯಾದಾಗ ಗ್ರಾಮೀಣ ಸಹಕಾರ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ನಿಗದಿಯಾಗಿತ್ತು. ನೋಂದಣಿಗೆ ವರ್ಷದಲ್ಲಿ ಇಂತಿಷ್ಟು ದಿನ ಎಂದು ಗಡುವು ಇರುತ್ತದೆ. ಆ ವರ್ಷದ ವಂತಿಗೆ, ಆಸ್ಪತ್ರೆಗಳ ಪಟ್ಟಿ, ಚಿಕಿತ್ಸೆಗಳ ಪಟ್ಟಿ ಎಲ್ಲವನ್ನೂ ಊರಿನ ಸಂಘದ ಕಾರ್ಯದರ್ಶಿಯ ಬಳಿ ಕೇಳಿ ತಿಳಿಯಬೇಕು. ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ ಹಣ ಸಿಗುವುದಿಲ್ಲ.

ರೇಷನ್ ಕಾರ್ಡೂ ಒಂದು ಗುಂಪೇ. ಕೇಂದ್ರ ಸರ್ಕಾರ 2018ರ ಸೆಪ್ಟೆಂಬರ್ 23ರಂದು ಆರಂಭಿಸಿದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದ ಚಿಕಿತ್ಸೆ ಉಂಟು. ನಮ್ಮ ರಾಜ್ಯದಲ್ಲಿ ಅದು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಎಂಬ ಹೆಸರಿನಲ್ಲಿ ಜಾರಿಗೆ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ನೆರವು ಎಂಬುದು ಅದರ ಏರ್ಪಾಡು. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ಬೆಂಗಳೂರಿನಲ್ಲಿ ಮಗನೋ ಮಗಳೋ ಕೆಲಸದಲ್ಲಿದ್ದರೆ ಅಲ್ಲಿನ ಗುಂಪು ವಿಮೆಯನ್ನೂ ವಿಚಾರಿಸಬೇಕು. ಕಂಪನಿಗಳು ತಮ್ಮ ನೌಕರರಿಗೆಲ್ಲ ಒಟ್ಟಾಗಿ ಮಾಡಿಸುವ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಕಾಯಬೇಕಾಗಿಲ್ಲ. ಕೆಲವು ಕಡೆ ತಂದೆತಾಯಿಯರನ್ನೂ ಸೇರಿಸಿಕೊಳ್ಳುತ್ತಾರೆ. ಕಾರಣ ಮತ್ತೆ ಅದೇ. ಅವರು ಸಂಬಳಕ್ಕಾಗಿ ಸೇರಿದವರು, ಕಾಯಿಲೆಗಾಗಿ ಸೇರಿದವರಲ್ಲ. ಆದರೆ ಕೆಲಸ ಬಿಟ್ಟ ದಿನ ಈ ರಕ್ಷಣೆಯೂ ಹೋಗುತ್ತದೆಂಬುದನ್ನು ಮರೆಯಬಾರದು.

ಒಬ್ಬಂಟಿಯಾಗಿ ಹೋದವರಿಗೆ ಕಾಯುವ ಕಾಲ

ಯಾವ ಗುಂಪಿಗೂ ಸೇರದೆ, ತಾನೇ ಹೋಗಿ ಕಂಪನಿಯಿಂದ ಪಾಲಿಸಿ ಕೊಳ್ಳುವವರ ಕತೆ ಬೇರೆ. ನಮ್ಮ ದೇಶದಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ತಂದವು. ಆಗ ಮೊದಲೇ ಇದ್ದ ಕಾಯಿಲೆಗೆ ಬಾಗಿಲೇ ಮುಚ್ಚಿತ್ತು. ಆಮೇಲೆ, ಬಿಡದೆ 48 ತಿಂಗಳು ಪಾಲಿಸಿ ನಡೆಸಿದರೆ ಅಂಥ ಕಾಯಿಲೆಗೂ ಹಣ ಕೊಡಬೇಕೆಂಬ ನಿಯಮ ಬಂತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಈ ಗರಿಷ್ಠ ಅವಧಿಯನ್ನು 36 ತಿಂಗಳಿಗೆ ಇಳಿಸಿತು. ಯಾವ ಕಂಪನಿಯೂ ಇದಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಕಡಿಮೆ ಮಾಡಿದರೆ ಅಡ್ಡಿಯಿಲ್ಲ.

‘ಮೊದಲೇ ಇದ್ದ ಕಾಯಿಲೆ’ ಎಂದರೆ ಏನೆಂಬುದಕ್ಕೂ ವ್ಯಾಖ್ಯೆ ಇದೆ. ಪಾಲಿಸಿ ಆರಂಭಕ್ಕೆ ಮುಂಚಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ ಕಾಯಿಲೆ, ಅಥವಾ ಆ ಅವಧಿಯಲ್ಲಿ ವೈದ್ಯರು ಸಲಹೆ, ಚಿಕಿತ್ಸೆ ನೀಡಿದ ಕಾಯಿಲೆ ಅಥವಾ ಗಾಯ. ಒಳಗೇ ಇದ್ದು ಯಾರಿಗೂ ತಿಳಿಯದೆ ಹೋದದ್ದು ಈ ವ್ಯಾಖ್ಯೆಗೆ ಸೇರುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಇದಲ್ಲದೆ ಇನ್ನೆರಡು ಕಾಯುವ ಅವಧಿಗಳುಂಟು. ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಹಣ ಸಿಗದು. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಮಂಡಿಚಿಪ್ಪು ಬದಲಾವಣೆಯಂಥ ನಿಧಾನವಾಗಿ ಬರುವ ತೊಂದರೆಗಳಿಗೆ, ಅವು ಮೊದಲೇ ಇದ್ದಿರಲಿ ಇಲ್ಲದಿರಲಿ, ಹಲವು ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಇದಕ್ಕೂ 36 ತಿಂಗಳ ಮಿತಿ ಇದೆ.

ಕಾಯಿಲೆಯನ್ನು ತಿಳಿಸಿದಾಗ ಕಂಪನಿಯ ಮುಂದೆ ಮೂರು ದಾರಿಗಳಿರುತ್ತವೆ. ಕಾಯುವ ಅವಧಿ ಹಾಕಿ ಒಪ್ಪಬಹುದು, ಪ್ರೀಮಿಯಂ ಹೆಚ್ಚಿಸಿ ಒಪ್ಪಬಹುದು, ಅಥವಾ ಬೇಡವೆನ್ನಬಹುದು. ಒಂದು ಕಂಪನಿ ಬೇಡವೆಂದರೆ ಇನ್ನೊಂದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮಾನಸಿಕ ಕಾಯಿಲೆಯ ಬಗೆಗೆ ಮಾತ್ರ ಕಾನೂನು ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆಯ ಏರ್ಪಾಡು ಇರಬೇಕು.

ಕಾಯುವ ಅವಧಿಯ ಜೀವಾಳ ‘ಬಿಡದೆ’ ಎಂಬ ಪದದಲ್ಲಿದೆ. ಕೊಬ್ಬರಿ ಬೆಲೆ ಬಿದ್ದ ವರ್ಷ ಪಾಲಿಸಿ ನವೀಕರಿಸದೆ ಬಿಟ್ಟರೆ ಕಳೆದ ಎರಡು ವರ್ಷಗಳ ಕಾಯುವಿಕೆ ನೀರಿನಲ್ಲಿ ಹೋಮ ಮಾಡಿದಂತೆ. ಮತ್ತೆ ಒಂದರಿಂದ ಎಣಿಸಬೇಕು. ವಾರ್ಷಿಕ ಪ್ರೀಮಿಯಂ ಕಟ್ಟಲು ಗಡುವಿನ ನಂತರ 30 ದಿನಗಳ ರಿಯಾಯಿತಿ ಇದೆ. ಕಂಪನಿ ಹಿಡಿಸದಿದ್ದರೆ ಬೇರೆ ಕಂಪನಿಗೆ ಪಾಲಿಸಿಯನ್ನು ವರ್ಗಾಯಿಸಿಕೊಳ್ಳುವ ಸೌಲಭ್ಯ 2011ರ ಅಕ್ಟೋಬರಿನಿಂದ ಬಂದಿದೆ. ಆಗ ಕಳೆದ ಅವಧಿಯೂ ಜೊತೆಗೇ ಹೋಗುತ್ತದೆ. ಆದರೆ ವಿಮೆಯ ಮೊತ್ತ ಹೆಚ್ಚಿಸಿಕೊಂಡರೆ, ಹೆಚ್ಚಾದ ಭಾಗಕ್ಕೆ ಕಾಯುವ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಅರ್ಜಿಯ ಆ ಒಂದು ಪ್ರಶ್ನೆ

ಹಳ್ಳಿಯ ಅನೇಕ ಮನೆಗಳಲ್ಲಿ ಇಂಥ ಅರ್ಜಿ ತುಂಬುವವರು ಪಿಯುಸಿಯೋ ಡಿಗ್ರಿಯೋ ಓದುತ್ತಿರುವ ಮಕ್ಕಳು. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ಸಣ್ಣದಾಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ, ಮೂತ್ರಪಿಂಡ ಎಂದು ಸಾಲಾಗಿ ಕೇಳಿ ‘ಹೌದು’, ‘ಇಲ್ಲ’ ಎಂದು ಎರಡು ಚೌಕಗಳನ್ನು ಕೊಟ್ಟಿರುತ್ತಾರೆ.

“ಅಪ್ಪಾ, ನಿಂಗೆ ಶುಗರ್ ಇದೆ ಅಂತ ಬರೀಲಾ?”

“ಬ್ಯಾಡ ಬಿಡು ಮಗಾ. ಬರೆದ್ರೆ ಕೊಡಲ್ವಂತೆ.”

ಈ ಎರಡು ಮಾತಿನಲ್ಲಿ ಮನೆಯ ಮುಂದಿನ ಹತ್ತು ವರ್ಷಗಳ ಭವಿಷ್ಯ ಅಡಗಿರಬಹುದು. ಕೆಲವೊಮ್ಮೆ ಏಜೆಂಟನೇ ಎಲ್ಲದಕ್ಕೂ ‘ಇಲ್ಲ’ ಎಂದು ಗುರುತು ಹಾಕಿ, ಸಹಿ ಮಾತ್ರ ಹಾಕಿಸಿಕೊಳ್ಳುವುದೂ ಉಂಟು. ಸಹಿ ಹಾಕಿದವರೇ ಆ ಉತ್ತರಕ್ಕೆ ಹೊಣೆ. ಏಜೆಂಟನ ಮೇಲೆ ಹೊರಿಸಿ ಪಾರಾಗುವುದು ಸುಲಭವಲ್ಲ.

ನಿಜ ಬರೆದರೆ ಆಗುವುದೇನು? ಪ್ರೀಮಿಯಂ ಸ್ವಲ್ಪ ಏರಬಹುದು, ಮೂರು ವರ್ಷ ಕಾಯಬೇಕಾಗಬಹುದು, ಪಾಲಿಸಿಯೇ ಸಿಗದೆಯೂ ಹೋಗಬಹುದು. ಸುಳ್ಳು ಬರೆದರೆ ಪಾಲಿಸಿ ಸಲೀಸಾಗಿ ಸಿಗುತ್ತದೆ. ವರ್ಷವರ್ಷವೂ ಹಣ ಕಟ್ಟುತ್ತಾ ಹೋಗುತ್ತೇವೆ. ಆದರೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ದಿನ, ಅದು ಸುಳ್ಳೆಂದು ತಿಳಿದು ಕಂಪನಿ ಕೈಯೆತ್ತುತ್ತದೆ. ಕಟ್ಟಿದ ಹಣವೂ ಹೋಯಿತು, ಬೇರೆ ದಾರಿ ಹುಡುಕುವ ಕಾಲವೂ ಹೋಯಿತು.

ಈ ನಡುವೆ ಒಂದು ನಿಯಮವನ್ನು ತಪ್ಪಾಗಿ ತಿಳಿದವರಿದ್ದಾರೆ. ಬಿಡದೆ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ಮೊದಲು ವಿಷಯ ತಿಳಿಸಲಿಲ್ಲವೆಂಬ ಕಾರಣಕ್ಕೆ ಕಂಪನಿ ಹಣ ನಿರಾಕರಿಸುವಂತಿಲ್ಲ. ಹಿಂದೆ ಎಂಟು ವರ್ಷ ಇದ್ದ ಈ ಅವಧಿಯನ್ನು 2024ರಲ್ಲಿ ಐದಕ್ಕೆ ಇಳಿಸಲಾಗಿದೆ. ‘ಹಾಗಾದರೆ ಐದು ವರ್ಷ ಮುಚ್ಚಿಟ್ಟರೆ ಸಾಕಲ್ಲ’ ಎಂದು ಯೋಚಿಸುವವರಿಗೆ ಎರಡು ಮಾತು. ವಂಚನೆ ಎಂದು ಸಾಬೀತಾದರೆ ಈ ರಕ್ಷಣೆ ಸಿಗದು. ಮತ್ತು ಕಾಯಿಲೆ ಐದು ವರ್ಷ ಕಾಯುತ್ತದೆಂದು ಹೇಳಿದವರಾರು? ನಿಜ ಬರೆದವರಿಗೆ ಮೂರೇ ವರ್ಷಕ್ಕೆ ಬಾಗಿಲು ತೆರೆಯುತ್ತದೆ.

ದೇಹ ಬರೆದಿಡುವ ದಿನಚರಿ

ಕಾಯಿಲೆ ಹಳೆಯದೋ ಹೊಸದೋ ಎಂದು ಕಂಪನಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಸಹಜ. ದೇಹವೇ ಒಂದು ದಿನಚರಿಯನ್ನು ಬರೆಯುತ್ತಿರುತ್ತದೆ. ರಕ್ತದಲ್ಲಿರುವ ಸಕ್ಕರೆ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆ ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಎಚ್‌ಬಿಎ1ಸಿ ಎಂಬ ಪರೀಕ್ಷೆ ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. ಹಿಂದಿನ ರಾತ್ರಿ ಊಟ ಬಿಟ್ಟು ಹೋದರೆ ಅದು ಬದಲಾಗದು. ಹಲವು ವರ್ಷಗಳ ಸಕ್ಕರೆ ಕಾಯಿಲೆ ಕಣ್ಣಿನ ಅಕ್ಷಿಪಟಲದ ಸಣ್ಣ ರಕ್ತನಾಳಗಳಲ್ಲಿ ಗುರುತು ಬಿಡುತ್ತದೆ. ಬಹುಕಾಲದ ರಕ್ತದೊತ್ತಡ ಹೃದಯದ ಎಡ ಕೋಣೆಯ ಗೋಡೆಯನ್ನು ದಪ್ಪಗಾಗಿಸುತ್ತದೆ. ಎಕೋ ಪರೀಕ್ಷೆಯಲ್ಲಿ ಅದು ಕಾಣುತ್ತದೆ.

ಇದಕ್ಕಿಂತ ಸುಲಭವಾದ ಸಾಕ್ಷಿ ಇನ್ನೊಂದಿದೆ. ಆಸ್ಪತ್ರೆಗೆ ಸೇರಿಸುವಾಗ ವೈದ್ಯರು ‘ಶುಗರ್ ಎಷ್ಟು ವರ್ಷದಿಂದ ಇದೆ?’ ಎಂದು ಕೇಳುತ್ತಾರೆ. ‘ಒಂದು ಹತ್ತು ವರ್ಷ ಆಯ್ತು ಸಾರ್’ ಎಂದು ಮನೆಯವರು ಹೇಳುತ್ತಾರೆ. ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಕ್ಲೇಮು ಬಂದಾಗ ಕಂಪನಿಯವರು ಮೊದಲು ತರಿಸಿಕೊಳ್ಳುವ ಕಾಗದಗಳಲ್ಲಿ ಇದೂ ಒಂದು.

ಈ ಭಯದಿಂದ ಕೆಲವರು ವೈದ್ಯರಿಗೇ ಸುಳ್ಳು ಹೇಳಲು ಹೊರಡುತ್ತಾರೆ. ಇದಕ್ಕಿಂತ ಅಪಾಯಕರವಾದದ್ದು ಬೇರಿಲ್ಲ. ಅರಿವಳಿಕೆ ಕೊಡುವ ವೈದ್ಯರಿಗೆ ರೋಗಿ ನುಂಗುವ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಎಲ್ಲವೂ ಗೊತ್ತಿರಬೇಕು. ಮುಚ್ಚಿಟ್ಟರೆ ಆಪರೇಷನ್ ಮೇಜಿನ ಮೇಲೆಯೇ ಪ್ರಾಣಕ್ಕೆ ಸಂಚಕಾರ ಬರಬಹುದು. ಅರ್ಜಿಯಲ್ಲಿ ಹೇಳಿದ ಒಂದು ಸುಳ್ಳನ್ನು ಉಳಿಸಿಕೊಳ್ಳಲು ವೈದ್ಯರಿಗೂ ಸುಳ್ಳು ಹೇಳುವ ಸ್ಥಿತಿಯನ್ನು ಯಾವ ಮನೆಯೂ ತಂದುಕೊಳ್ಳಬಾರದು.

ನ್ಯಾಯಾಲಯಗಳು ಹೇಳಿದ್ದು

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇಲ್ಲಿ ದಾರಿದೀಪದಂತಿವೆ. 2009ರ ಜುಲೈನಲ್ಲಿ ಬಂದ ಮೊದಲನೆಯದರಲ್ಲಿ, ಸಕ್ಕರೆ ಕಾಯಿಲೆಯನ್ನೂ ಮೂತ್ರಪಿಂಡದ ತೊಂದರೆಯನ್ನೂ ತಿಳಿಸದೆ ಮೆಡಿಕ್ಲೇಮ್ ಪಾಲಿಸಿ ಪಡೆದವರ ಪ್ರಕರಣ ಇತ್ತು. ಕಂಪನಿ ಹಣ ನಿರಾಕರಿಸಿದ್ದು ಸರಿಯೆಂದೇ ನ್ಯಾಯಾಲಯ ಹೇಳಿತು. ವಿಮೆ ಎಂಬುದು ಪೂರ್ಣ ನಂಬಿಕೆಯ ಒಪ್ಪಂದ. ಕಂಪನಿಯ ನಿರ್ಧಾರದ ಮೇಲೆ ಪರಿಣಾಮ ಬೀರಬಹುದಾದ ಯಾವ ಸಂಗತಿಯನ್ನೂ ಅರ್ಜಿದಾರ ಮುಚ್ಚಿಡಬಾರದು ಎಂಬುದು ಅದರ ಸಾರ.

ಎರಡನೆಯದು 2021ರ ಡಿಸೆಂಬರ್ 6ರದ್ದು. ಮಗಳ ಬಾಣಂತನಕ್ಕೋ ಮಗನ ಮನೆಗೋ ಅಮೆರಿಕಕ್ಕೆ ಹೋಗುವ ತಂದೆತಾಯಿಯರು ಇದನ್ನು ಗಮನವಿಟ್ಟು ಓದಬೇಕು. ಮದುವೆಗೆಂದು ಅಮೆರಿಕಕ್ಕೆ ಹೊರಟ ಒಬ್ಬರು ಪ್ರಯಾಣ ವಿಮೆ ಮಾಡಿಸಿದ್ದರು. ತಮಗೆ ಸಕ್ಕರೆ ಕಾಯಿಲೆ ಇರುವುದನ್ನು ತಿಳಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಹೃದಯದ ತೊಂದರೆ ಕಾಣಿಸಿ, ಆಸ್ಪತ್ರೆಯಲ್ಲಿ ಮೂರು ಸ್ಟೆಂಟ್ ಹಾಕಬೇಕಾಯಿತು. ಕೊಬ್ಬಿನಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಹೇಳಿರಲಿಲ್ಲವೆಂಬ ನೆಪದಿಂದ ಕಂಪನಿ ಹಣ ಕೊಡಲಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಅರ್ಜಿದಾರ ತಿಳಿಸಿದ ಕಾಯಿಲೆಯನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆಯನ್ನು ಮುಂದೊಡ್ಡಿ ಕಂಪನಿ ಹಿಂದೆ ಸರಿಯುವಂತಿಲ್ಲ ಎಂದಿತು. ತೀರ್ಪು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಕರ್ನಾಟಕದ ಬಿ.ವಿ. ನಾಗರತ್ನ.

ಎರಡೂ ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವಿಷಯ ತಿಳಿಯಾಗುತ್ತದೆ. ಮುಚ್ಚಿಟ್ಟವರನ್ನು ಕಾನೂನು ಕಾಪಾಡುವುದು ಕಷ್ಟ. ಹೇಳಿದವರ ಬೆನ್ನಿಗೆ ಅದು ನಿಲ್ಲುತ್ತದೆ.

ಅಮೆರಿಕದಲ್ಲಿಯೂ ಮೊದಲೇ ಇದ್ದ ಕಾಯಿಲೆಯ ಹೆಸರಿನಲ್ಲಿ ವಿಮೆ ನಿರಾಕರಿಸುವುದು ಬಹುಕಾಲದ ವಾಡಿಕೆಯಾಗಿತ್ತು. 2010ರಲ್ಲಿ ಬಂದ ಕಾಯ್ದೆಯಿಂದ 2014ರ ಜನವರಿಯ ನಂತರ ಅದು ನಿಂತಿತು. ಆ ಕಾಯ್ದೆ ಅದರ ಜೊತೆಗೇ ಆರೋಗ್ಯವಂತರೂ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ ಎಂದು ವಿಧಿಸಿತ್ತು. ದಂಡವನ್ನು 2019ರಿಂದ ಕೈಬಿಡಲಾಯಿತು. ಕಾಯಿಲೆಯವರನ್ನು ಒಳಗೆ ಬಿಡಬೇಕಾದರೆ ಗಟ್ಟಿಯಾದವರೂ ಒಳಗಿರಬೇಕೆಂಬ ಲೆಕ್ಕ ಎಲ್ಲ ದೇಶಕ್ಕೂ ಒಂದೇ.

ಹಣ ನಿರಾಕರಿಸಿದರೆ

ಕ್ಲೇಮು ತಿರಸ್ಕರಿಸಿದರೆ ಸುಮ್ಮನೆ ಕೂರಬೇಕಾಗಿಲ್ಲ. ಕಾರಣವನ್ನು ಕಂಪನಿ ಲಿಖಿತವಾಗಿ ಕೊಡಬೇಕು. 2024ರ ನಿಯಮದಂತೆ, ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅಲ್ಲಿ ತೃಪ್ತಿಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರವನ್ನು ಅವರು ಆದೇಶಿಸಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯೂ ತೆರೆದೇ ಇದೆ.

ಅರ್ಜಿ ತುಂಬುವ ಮುನ್ನ

1. ಊರಿನ ಸಹಕಾರ ಸಂಘ, ರೇಷನ್ ಕಾರ್ಡ್, ಮಕ್ಕಳ ಕೆಲಸದ ಸ್ಥಳ ಈ ಮೂರರಲ್ಲಿ ಯಾವುದರಿಂದ ಗುಂಪಿನ ರಕ್ಷಣೆ ಸಿಗುತ್ತದೆಂದು ಮೊದಲು ವಿಚಾರಿಸಿ.

2. ಅರ್ಜಿಯ ಪ್ರತಿ ಪ್ರಶ್ನೆಯನ್ನೂ ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳಿ. ನುಂಗುವ ಪ್ರತಿ ಮಾತ್ರೆಯ ಹೆಸರನ್ನೂ, ಹಿಂದಿನ ಆಪರೇಷನ್ನುಗಳನ್ನೂ ಬರೆಯಿರಿ.

3. ಖಾಲಿ ಅರ್ಜಿಗೆ ಸಹಿ ಹಾಕಬೇಡಿ. ತುಂಬಿದ ಅರ್ಜಿಯ ನಕಲನ್ನು ಇಟ್ಟುಕೊಳ್ಳಿ.

4. ಪಾಲಿಸಿ ಕೈಗೆ ಬಂದ ಕೂಡಲೇ ನೀವು ಹೇಳಿದ ಕಾಯಿಲೆ ಅದರಲ್ಲಿ ನಮೂದಾಗಿದೆಯೇ ನೋಡಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು.

5. ನವೀಕರಣದ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

6. ವಿಮೆಯನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿ. ಮೂವತ್ತರ ವಯಸ್ಸಿನಲ್ಲಿ ಆರಂಭಿಸಿದವರಿಗೆ ಐವತ್ತರಲ್ಲಿ ಬರುವ ಸಕ್ಕರೆ ಕಾಯಿಲೆ ‘ಮೊದಲೇ ಇದ್ದದ್ದು’ ಆಗುವುದಿಲ್ಲ.

ಈ ಕೊನೆಯ ಮಾತು ಓದುವ ಮಕ್ಕಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಂದು ಅವರ ಅರ್ಜಿಯಲ್ಲಿ ಎಲ್ಲ ಪ್ರಶ್ನೆಗೂ ಪ್ರಾಮಾಣಿಕವಾಗಿಯೇ ‘ಇಲ್ಲ’ ಎಂದು ಬರೆಯಬಹುದು. ಅದು ಎಷ್ಟು ದೊಡ್ಡ ಆಸ್ತಿ ಎಂಬುದು ಅದು ಕೈತಪ್ಪಿದ ಮೇಲೆ ತಿಳಿಯುತ್ತದೆ. ತಂದೆತಾಯಿಯರ ಅರ್ಜಿಯಲ್ಲಿ ‘ಹೌದು’ ಎಂದು ಬರೆಯಬೇಕಾಗಿ ಬಂದರೆ ಅಂಜಿಕೆ ಬೇಡ. ಬರೆದು ಮೂರು ವರ್ಷ ಕಾಯುವ ಮನೆ, ಬರೆಯದೆ ಹತ್ತು ವರ್ಷ ಹಣ ಕಟ್ಟುವ ಮನೆಗಿಂತ ಸುರಕ್ಷಿತ.